ಮೂರನೇ ಮೆಟ್ಟಿಲ ಮಂಡಾಳು

ನವೆಂಬರ್ ೪, ಸೋಮವಾರ

ನೀರು: ಮೂರನೇ ಮೆಟ್ಟಿಲು. ಮಂಡಾಳು: ಎರಡು ಬೊಗಸೆ.

ಹಳೆಯ ರಿಜಿಸ್ಟರ್ ತುಂಬಿತು. ಇಂದಿನಿಂದ ಇದು ಹೊಸದು, ಆದ್ದರಿಂದ ಮೊದಲ ಪುಟದಲ್ಲಿ ಕ್ರಮವಾಗಿ ಬರೆಯುತ್ತೇನೆ. ಮೂವತ್ತೊಂದು ವರ್ಷ ಎಡದಂಡೆ ಕಾಲುವೆಯ ಮೇಲೆ ಗೇಜ್ ನೋಡಿ ಬರೆದ ಕೈ ಇದು. ನಿವೃತ್ತಿಯಾದರೂ ಬೆಳಿಗ್ಗೆ ನೀರು ಕಂಡರೆ ಎಷ್ಟಿದೆ ಎಂದು ಬರೆಯದೆ ಸುಮ್ಮನಿರುವುದಿಲ್ಲ. ಕಾಲುವೆ ಈಗ ನನ್ನದಲ್ಲ. ತುರ್ವಿಹಾಳದ ನಮ್ಮ ಓಣಿಯ ಹಿಂದಿನ ಹಳೇ ಕೆರೆಯ ಮೆಟ್ಟಿಲು ಎಣಿಸುತ್ತೇನೆ, ಅದಕ್ಕೆ ಯಾರ ಆರ್ಡರೂ ಬೇಕಿಲ್ಲ.

ಬೇರೆ ಕಡೆಯವರು ಮಂಡಕ್ಕಿ ಅನ್ನುವ ಈ ಮಂಡಾಳಿನ ರೂಢಿ ನನ್ನ ಹೆಂಡತಿ ಶಿವಕುಮಾರಿಯದು. ದಿನಾ ಲಿಂಗಪೂಜೆ ಮುಗಿಸಿ, ಒಂದು ಹಿಡಿ ಮಂಡಾಳು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಮೂರನೇ ಮೆಟ್ಟಿಲಿನಿಂದ ಮೀನಿಗೆ ಚೆಲ್ಲಿ ಬರುತ್ತಿದ್ದಳು. ಕಾಯಿಲೆ ಬಿದ್ದಾಗ "ನೀವು ಹೋಗ್ರಿ, ಅವು ಕಾಯ್ತಿರ್ತಾವ" ಅಂದಳು. ಹೋದೆ. ಅವಳು ಹೋಗಿ ಇದೇ ತಿಂಗಳಿಗೆ ಒಂದು ವರ್ಷ, ನಾನಿನ್ನೂ ಹೋಗುತ್ತಲೇ ಇದ್ದೇನೆ. ಅವಳ ಹಿಡಿ ಸಣ್ಣದು. ನನ್ನ ಕೈ ದೊಡ್ಡದು, ಹೀಗಾಗಿ ಹಿಡಿ ಬೊಗಸೆಯಾಯಿತು, ಬೊಗಸೆ ಎರಡಾಯಿತು. ನನ್ನ ಚಪ್ಪಲಿ ಸಪ್ಪಳಕ್ಕೇ ನೀರು ಕುದಿಯತೊಡಗುತ್ತದೆ.

ಇಂದು ಆಚೆ ದಂಡೆಯ ಆಪಿನ ಹುಲ್ಲಿನಲ್ಲಿ ಒಬ್ಬ ಹುಡುಗಿ ಬಲೆ ಬೀಸುತ್ತಿದ್ದಳು. ಮಂಡಿವರೆಗೆ ಪ್ಯಾಂಟು ಮಡಚಿದ್ದಾಳೆ, ತಲೆಗೆ ಬಿಗಿಯಾಗಿ ದುಪ್ಪಟ್ಟಾ. ಮೂರು ಸಲ ಬೀಸಿದಳು, ಮೂರು ಸಲವೂ ಹುಲ್ಲು. ನನಗೆ ತಡೆಯಲಾಗಲಿಲ್ಲ.

"ಯವ್ವಾ, ಅಲ್ಲೇನ್ ಸಿಗ್ತೈತಿ ಮಣ್ಣು? ಇಲ್ಲಿ ಮೆಟ್ಟಲ ಕಡೆ ಬಾ!"

ಬಂದಳು, ಬೀಸಿದಳು. ಬಲೆ ಎತ್ತಲಾರದಷ್ಟು ಬೆಳ್ಳಿ. ಒಂದಷ್ಟು ಡಬ್ಬಿಗೆ ಹಾಕಿಕೊಂಡು ಉಳಿದದ್ದನ್ನು ನೀರಿಗೇ ಬಿಟ್ಟಳು. ಡಬ್ಬಿಗೆ ಹೋದವನ್ನು ನೋಡಿ ಕರೆದದ್ದೇ ತಪ್ಪಾಯಿತೇನೋ ಅನ್ನಿಸಿತು, ಸುಳ್ಳು ಯಾಕೆ ಬರೆಯಲಿ. ಆದರೆ ಅವಳು ಅಂದಳು: "ಕಾಕಾ, ನಿಮಗ ಮೀನಿನ ವಿಷಯ ಭಾಳ ಗೊತ್ತೈತಿ ನೋಡ್ರಿ. ಇಷ್ಟು ದೊಡ್ಡ ಕೆರ್‍ಯಾಗ ಇಲ್ಲೇ ಇರ್ತಾವಂತ ಹೆಂಗ ಗೊತ್ತಾತು?"

"ಎಕ್ಸ್‌ಪೀರಿಯನ್ಸ್" ಅಂದೆ.

ಹುಟ್ಟಿ ಅರವತ್ತಾರು ವರ್ಷದಲ್ಲಿ ಮೀನು ಬಾಯಿಗಿಟ್ಟವನಲ್ಲ ನಾನು. ಸರ್ಟಿಫಿಕೇಟ್ ಕೊಟ್ಟಷ್ಟು ಹಿಗ್ಗಾಯಿತು.

ನವೆಂಬರ್ ೬, ಬುಧವಾರ

ನೀರು: ಮೂರನೇ ಮೆಟ್ಟಿಲು. ಮಂಡಾಳು: ಎರಡು ಬೊಗಸೆ.

ಮಂಡಾಳು ತರಲು ಹುಸೇನಬಾಷಾನ ಭಟ್ಟಿಗೆ ಹೋದರೆ ಆ ಹುಡುಗಿ ಅಲ್ಲೇ. ಅವನ ತಂಗಿಯ ಮಗಳು, ಹುಸ್ನಾ, ಊರು ಲಿಂಗಸುಗೂರು. ಪಿಎಚ್.ಡಿ. ಮಾಡುತ್ತಿದ್ದಾಳೆ, ಮೀನಿನ ಊಟದ ಮೇಲೆ! ಭಟ್ಟಿಯ ಅಂಗಳದಲ್ಲಿ ಮೇಜು ಹಾಕಿ ಮೈಕ್ರೋಸ್ಕೋಪ್ ಇಟ್ಟಿದ್ದಾಳೆ. ಅತ್ತ ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತದೆ, ಇತ್ತ ಇವಳು ಸಣ್ಣ ಕತ್ತರಿಯಿಂದ ಮೀನು ಬಿಡಿಸುತ್ತಾಳೆ.

ತಟ್ಟೆಯಲ್ಲಿ ಮೂರು ಇಟ್ಟು ತೋರಿಸಿದಳು. ನನ್ನ ಕಣ್ಣಿಗೆ ಮೂರೂ ಒಂದೇ. "ಸರಿಯಾಗಿ ನೋಡ್ರಿ ಕಾಕಾ" ಅಂದಳು. ನೋಡಿದೆ. ಒಂದಕ್ಕೆ ಬಾಲದ ಬುಡದಲ್ಲಿ ಕರಿ ಚುಕ್ಕೆ. ಇನ್ನೊಂದಕ್ಕೆ ಮೈಮೇಲೆ ಎರಡು. ಮೂರನೆಯದಕ್ಕೆ ತುಟಿಯ ಅಂಚಿನಲ್ಲಿ ಎಳೆ ಮೀಸೆ, ಮೈಯೂ ಸ್ವಲ್ಪ ದೊಡ್ಡದು. ಅವುಗಳ ಲ್ಯಾಟಿನ್ ಹೆಸರು ಹೇಳಿದಳು, ನಾಲಿಗೆಗೆ ಹತ್ತಲಿಲ್ಲ. ಒಂದು ಚುಕ್ಕೆಯವ, ಎರಡು ಚುಕ್ಕೆಯವ, ಮೀಸೆಯವ ಎಂದು ನಾನೇ ನಾಮಕರಣ ಮಾಡಿದೆ. ಅವಳೂ ಒಪ್ಪಿದಳು.

"ಮೂರೂ ಒಂದೇ ಮನೆತನದವು ಕಾಕಾ. ಒಂದೇ ಕೆರಿ, ಒಂದೇ ನೀರು. ಒಂದೇ ಊಟಕ್ಕ ಬಿದ್ರ ಯಾವುದಾರ ಒಂದು ಸೋತು ಹೋಗ್ಬೇಕಿತ್ತು. ಹೋಗಿಲ್ಲ. ಅಂದ್ರ ಒಬ್ಬೊಬ್ಬರ ಊಟ ಬ್ಯಾರೆ ಬ್ಯಾರೆ ಇರಬೇಕು. ಅದನ್ನ ತೋರ್ಸೋದ ನನ್ನ ಕೆಲಸ."

"ನಾವು ಮೂರು ಮಂದಿ ಅಣ್ಣತಮ್ಮರು, ಮೂವರಿಗೂ ಬಿರಿಯಾನಿನೇ ಬೇಕು" ಅಂದ ಹುಸೇನಬಾಷಾ, ಭಟ್ಟಿಯ ಹೊಗೆಯಿಂದಲೇ. "ನಮಗಿಂತ ಮೀನು ಶಾಣ್ಯಾ ಅದಾವ ಬಿಡ್ರಿ ಗೇಜ್ ಸಾಹೇಬ್ರ."

ನಾನೂ ರಾಯಚೂರಿನಲ್ಲಿ ಬಿ.ಎಸ್ಸಿ. ಝೂವಾಲಜಿಗೆ ಸೇರಿದ್ದವನು, ಆರು ತಿಂಗಳು. ಕಪ್ಪೆ ಕೊಯ್ಯುವ ದಿನ ಕೈಯಲ್ಲಿ ಕತ್ತರಿ ಕೊಟ್ಟರು. ಕೊರಳಿನ ಲಿಂಗ ಎದೆಗೆ ತಾಗಿ ಬಡಿದುಕೊಂಡಂತಾಯಿತು. ಬಸ್ಸು ಹತ್ತಿ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಅಲಿಮೆಂಟರಿ ಕೆನಾಲ್, ಅಂದರೆ ಊಟ ಇಳಿಯುವ ಕರುಳಿನ ಕಾಲುವೆ, ಎಂಬ ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. ಮುಂದೆ ಕೆಲಸದ ಇಂಟರ್ವ್ಯೂನಲ್ಲಿ ಯಾವ ಕೆನಾಲ್ ಗೊತ್ತು ಎಂದಾಗ ಗಾಬರಿಯಲ್ಲಿ ಅದನ್ನೇ ಹೇಳಿದೆ. ಮೂರು ಜನ ಸಾಹೇಬರು ಹೊಟ್ಟೆ ಹಿಡಿದು ನಕ್ಕು ಕೆಲಸ ಕೊಟ್ಟರು.

ಹುಸ್ನಾಳಿಗೆ ಇದನ್ನು ಹೇಳಿದೆ. ಅವಳೂ ನಕ್ಕಳು. ನಾನು ಈ ಕತೆ ಯಾರಿಗೂ ಹೇಳದೆ ಒಂದು ವರ್ಷದ ಮೇಲಾಗಿತ್ತು.

ನವೆಂಬರ್ ೧೨, ಮಂಗಳವಾರ

ನೀರು: ಮೂರನೇ ಮೆಟ್ಟಿಲು, ನಾಲ್ಕು ಬೆರಳು ಕಡಿಮೆ. ಮಂಡಾಳು: ಎರಡು ಬೊಗಸೆ.

ಹುಸ್ನಾಳ ಮುಖ ಸಣ್ಣದಾಗಿದೆ. ಮೂವತ್ತು ಮೀನು ನೋಡಿದಳಂತೆ. ಮೂರೂ ಜಾತಿಯ ಕರುಳಿನಲ್ಲಿ ಒಂದೇ ಬಿಳಿ ಗಂಜಿಯಂಥ ಮುದ್ದೆ. ಅಯೋಡಿನ್ ಹನಿ ಹಾಕಿದರೆ ಮೂರೂ ಕಡುನೀಲಿ. ಅಕ್ಕಿಯ ಪಿಷ್ಟ! ಊಟ ಬೇರೆ ಬೇರೆ ಎಂದು ತೋರಿಸಬೇಕಾದವಳಿಗೆ ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವರಂತೆ ಸಿಕ್ಕಿದ್ದಾರೆ.

"ಇದೇ ಭಟ್ಟಿದ್ದ ಗಾಳಿ" ಅಂದಳು. "ಮಾಮೂ, ನಿನ್ನ ಮಂಡಾಳ ಧೂಳು ಹಾರಿ ನನ್ನ ಸ್ಲೈಡಿನ ಮ್ಯಾಲ ಕುಂಡ್ರಾಕತ್ತೈತಿ."

"ನನ್ನ ಮಂಡಾಳ ಅಷ್ಟು ಹಗುರೈತಿ ಅಂತ ಒಪ್ಪಿದೆಲ್ಲ, ಸಾಕು ಬಿಡು" ಅಂದ ಅವನು.

ಮೇಜು ಎಲ್ಲಿ ಇಡುವುದು? ನನ್ನ ಮನೆಯ ಮುಂದೆ ದೊಡ್ಡ ಕಟ್ಟೆ ಇದೆ, ಮೇಲೆ ತಗಡಿನ ನೆರಳು. ಬಾಯಿ ತಡೆಯಲಿಲ್ಲ: "ನಮ್ಮ ಕಟ್ಟಿಗೆ ತಂದಿಡವ್ವ. ಅಲ್ಲಿ ಮಂಡಾಳಿನ ಸುಳಿವೂ ಇಲ್ಲ."

ನವೆಂಬರ್ ೧೩, ಬುಧವಾರ

ನೀರು: ನಿನ್ನೆಯಷ್ಟೇ. ಮಂಡಾಳು: ಎರಡು ಬೊಗಸೆ.

ಮೇಜು ಬಂತು. ಜೊತೆಗೆ ಶೇಖರಮ್ಮನೂ ಬಂದಳು.

ಶೇಖರಮ್ಮ ನನ್ನ ತಮ್ಮ ಸಿದ್ದಲಿಂಗೇಶನ ಹೆಂಡತಿ. ತಮ್ಮ ಹಟ್ಟಿಯ ಗಣಿಯಲ್ಲಿ ಶಿಫ್ಟಿನ ಕೆಲಸದವನು, ವಾರಕ್ಕೊಮ್ಮೆ ಬರುತ್ತಾನೆ. ಮನೆ ಒಂದೇ, ನಡುವೆ ಗೋಡೆ. ಹಿತ್ತಲು ಒಂದೇ, ಒಲೆ ಎರಡು. ಹತ್ತೊಂಬತ್ತು ವರ್ಷದ ಕೆಳಗೆ ಒಗ್ಗರಣೆ ಮಂಡಾಳಿಗೆ ಹುರಿಗಡಲೆಯ ಪುಟಾಣಿ ಹಿಟ್ಟು ಹಾಕಬೇಕೋ ಬೇಡವೋ ಎಂದು ಶಿವಕುಮಾರಿಗೂ ಇವಳಿಗೂ ಮಾತು ಬೆಳೆದು ಒಲೆ ಬೇರೆಯಾದವು. "ಆಕಿ ಒಲಿ ಮ್ಯಾಲಿಂದು ಇನ್ನು ನನ್ನ ಬಾಯಿಗೆ ಹೋಗಂಗಿಲ್ಲ" ಅಂದಿದ್ದಳು ಶಿವಕುಮಾರಿ. ಅವಳಿಲ್ಲದಾಗ ನಾನು ಅದನ್ನು ಮುರಿಯಲು ಬರುತ್ತದೆಯೇ? ಶೇಖರಮ್ಮ ದಿನಾ ರೊಟ್ಟಿ ಪಲ್ಯ ಕಳಿಸುತ್ತಾಳೆ, ನಾನು ದಿನಾ ಊಟವಾಗಿದೆ ಎಂದು ತಿರುಗಿ ಕಳಿಸುತ್ತೇನೆ. ಆಮೇಲೆ ಅನ್ನಕ್ಕಿಡುತ್ತೇನೆ.

"ಭಾವನೋರ, ಲಿಂಗ ಕಟ್ಟಿದ ಮನಿ ಮುಂದ ಮೀನು ಕೊಯ್ಯೋದ? ನಾ ಕಣ್ಣು ಎಲ್ಲಿ ಇಟ್ಕೊಳ್ಳಿ?"

"ಇದು ಅಡಗಿಗೆ ಅಲ್ಲ ಚಿಗವ್ವ" ಅಂದಳು ಹುಸ್ನಾ, "ವಿದ್ಯಾಕ್ಕ."

"ಮೀನಿಗೇನ್ ಗೊತ್ತವ್ವ ಅದು ಅಡಗಿನೋ ವಿದ್ಯಾನೋ ಅಂತ!"

ಕೊನೆಗೆ ರಾಜಿಯಾಯಿತು. ಮೀನು ಹೊಸ್ತಿಲು ದಾಟಬಾರದು, ನಾನು ಕಟ್ಟೆಯಿಂದ ಒಳಗೆ ಬರುವಾಗ ಹಿತ್ತಲಿನ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದು ಬರಬೇಕು. ಇಷ್ಟೆಲ್ಲ ಹೇಳಿ ಹೋದವಳು ಕಾಲು ಗಂಟೆಗೆ ಹುಸ್ನಾಳಿಗೆ ಚಹಾ ತಂದಳು. ನನಗೂ ತಂದಿದ್ದಳು. ಚಹಾ ಊಟವಲ್ಲ, ಕುಡಿದೆ.

ನವೆಂಬರ್ ೨೧, ಗುರುವಾರ

ನೀರು: ನಾಲ್ಕನೇ ಮೆಟ್ಟಿಲು ಕಾಣುತ್ತಿದೆ. ಮಂಡಾಳು: ಎರಡೂವರೆ ಬೊಗಸೆ.

ಮತ್ತೆ ನೀಲಿ. ಮೂರೂ ನೀಲಿ. ಭಟ್ಟಿಯಿಂದ ಇಷ್ಟು ದೂರ, ಮೇಜಿನ ಮೇಲೆ ಒಗೆದ ಬಟ್ಟೆ, ನೀರು ಕುದಿಸಿ ಆರಿಸಿದ್ದು. ಆದರೂ ನೀಲಿ!

ಹುಸ್ನಾ ಫೋನಿನಲ್ಲಿ ತನ್ನ ಗೈಡ್ ಮೇಡಂ ಜೊತೆ ಮಾತಾಡಿದಳು. ಆಚೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಸ್ಯಾಂಪಲ್ ಹೊಲಸು ಮಾಡಿಕೊಂಡಿದ್ದೀಯ, ಕೆಲಸದಲ್ಲಿ ಶುದ್ಧಿ ಇಲ್ಲ, ಹೊಸ ವರ್ಷದೊಳಗೆ ಸರಿಯಾದ ಫಲಿತಾಂಶ ತರದಿದ್ದರೆ ಈ ಕೆರೆಯನ್ನೂ ಈ ವಿಷಯವನ್ನೂ ಬಿಡು. ಅಂದರೆ ಎರಡು ವರ್ಷದ ಓದು ನೀರುಪಾಲು. ಫೋನು ಇಟ್ಟು ಕೈ ಮೂಸಿ ನೋಡಿಕೊಂಡಳು, ತನ್ನ ಕೈಯಲ್ಲೇ ಏನಾದರೂ ಇದೆಯೇ ಎಂಬಂತೆ.

ಅದನ್ನು ನೋಡಿ ನನಗೆ ಏನಾಯಿತೋ, "ಕೊಡಿಲ್ಲಿ, ಒಂದು ನಾ ಕೊಯ್ತೀನಿ. ನನ್ನ ಕೈಯಿಂದನೂ ನೀಲಿ ಬಂದ್ರ ನಿನ್ನ ತಪ್ಪಲ್ಲ" ಅಂದೆ. ನಲವತ್ತೆಂಟು ವರ್ಷದ ಹಿಂದೆ ಬಿಟ್ಟು ಓಡಿದ ಕತ್ತರಿ. ಈ ಸಲ ಓಡಲಿಲ್ಲ! ಒಂದು ಚುಕ್ಕೆಯವನ ಕರುಳು ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ, ಬಿಚ್ಚಿದರೆ ಮೀನಿಗಿಂತ ಎಷ್ಟೋ ಉದ್ದ. ಎರಡು ಚುಕ್ಕೆಯವನದು ಮೋಟು. ಗಿಡ ತಿನ್ನುವವನಿಗೆ ಉದ್ದ ಕರುಳು, ಹುಳು ತಿನ್ನುವವನಿಗೆ ಮೋಟು ಕರುಳು ಅಂತೆ. ದೇವರು ಊಟ ನೋಡಿಯೇ ಕಾಲುವೆಯ ಉದ್ದ ತೋಡಿದ್ದಾನೆ.

ಅಯೋಡಿನ್ ಹಾಕಿದೆ. ನೀಲಿ.

ನವೆಂಬರ್ ೨೫, ಸೋಮವಾರ

ಮಂಡಾಳು: ಒಂದು ಸೇರು.

ಹುಡುಗಿ ಸಪ್ಪಗಿದ್ದಾಳೆ. ನನ್ನಿಂದ ಆಗುವುದು ಇಷ್ಟೇ: ಮೀನಾದರೂ ಧಾರಾಳ ಸಿಗಲಿ ಎಂದು ಇವತ್ತು ಸೇರು ಪೂರ್ತಿ ಚೆಲ್ಲಿದೆ. ಬಂದವು ನೋಡು, ನೀರೇ ಕಾಣಲಿಲ್ಲ.

ನವೆಂಬರ್ ೨೯, ಶುಕ್ರವಾರ

ನೀರು: ನಾಲ್ಕನೇ ಮೆಟ್ಟಿಲು. ಮಂಡಾಳು: ಕೆಳಗೆ ಬರೆದಿದೆ.

ಶಿವಕುಮಾರಿಯ ವರ್ಷದ ದಿನ. ಬೆಳಿಗ್ಗೆ ಗದ್ದುಗೆಗೆ ಹೂವು ಏರಿಸಿ, ಜಂಗಮರ ಪಾದಪೂಜೆ, ಊಟ, ಎಲ್ಲವೂ ಆಯಿತು. ತಮ್ಮ ಬಂದು ಮುಂದೆ ನಿಂತು ಮಾಡಿ ಸಂಜೆಯ ಬಸ್ಸಿಗೆ ಹೋದ. ಜನ ಹೋದ ಮೇಲೆ ಶೇಖರಮ್ಮ ಒಂದು ದೊಡ್ಡ ತಟ್ಟೆ ತಂದು ನನ್ನ ಮುಂದಿಟ್ಟಳು. ಒಗ್ಗರಣೆ ಮಂಡಾಳು, ಬಿಸಿ ಬಿಸಿ, ಅರಿಶಿನದ ಹಳದಿ, ಸಾಸಿವೆ, ಕರಿಬೇವು. ಮೇಲೆ ಪುಟಾಣಿ ಹಿಟ್ಟು.

"ಅಕ್ಕನ ನೆನಪಿಗೆ ಮಾಡೀನ್ರಿ ಭಾವನೋರ. ಇವತ್ತರ ಇಲ್ಲ ಅನಬ್ಯಾಡ್ರಿ."

ಇಲ್ಲ ಅನ್ನಲಿಲ್ಲ. ಅವಳು ಆಚೆ ಹೋಗುವವರೆಗೆ ತಟ್ಟೆ ಹಿಡಿದು ಕೂತೆ. ಘಮ ಮೂಗಿಗೆ ಬರುತ್ತಿತ್ತು. ತಿಂದರೆ ಶಿವಕುಮಾರಿಯ ಮಾತು ಹೋಗುತ್ತದೆ. ಬಿಟ್ಟರೆ ಶೇಖರಮ್ಮ ನೊಂದುಕೊಳ್ಳುತ್ತಾಳೆ. ತಟ್ಟೆಗೆ ಟವೆಲು ಮುಚ್ಚಿಕೊಂಡು ಕೆರೆಗೆ ಹೋದೆ. ಮೂರನೇ ಮೆಟ್ಟಿಲಿನಿಂದ ಎಲ್ಲವನ್ನೂ ಚೆಲ್ಲಿದೆ. ಖಾಲಿ ತಟ್ಟೆ ತೊಳೆದು ಶೇಖರಮ್ಮನಿಗೆ ಕೊಟ್ಟೆ. ಅವಳ ಮುಖ ಅರಳಿತು. ಎಂಥ ಉಪಾಯ ಮಾಡಿದೆ ಎಂದುಕೊಂಡೆ.

ನವೆಂಬರ್ ೩೦, ಶನಿವಾರ

ನೀರು ನೋಡಲಿಲ್ಲ.

ಬೆಳಿಗ್ಗೆ ಹುಸ್ನಾ ಕತ್ತಲು ಹರಿಯುವ ಮುನ್ನವೇ ಮೆಟ್ಟಿಲ ಬಳಿ ಬಲೆ ಬೀಸಿ, ಒಂಬತ್ತಕ್ಕೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ. ಶೇಖರಮ್ಮ ಚಹಾ ತಂದು ನಿಂತಿದ್ದಳು. ಮೀಸೆಯವನ ಕರುಳು ಬಿಚ್ಚುತ್ತಿದ್ದ ಹುಸ್ನಾ ತಟ್ಟನೆ ನಿಂತಳು.

"ಕಾಕಾ, ಇದರಾಗ ಹಳದಿ ಐತಿ."

ನಾನು ಬರೆದುಕೊಂಡೆ: ಹಳದಿ.

ಚಿಮಟದಿಂದ ಏನೋ ಸಣ್ಣದನ್ನು ಎತ್ತಿ ಬಿಳಿ ತಟ್ಟೆಯ ಮೇಲಿಟ್ಟಳು. ಕರ್‍ರಗೆ, ಗುಂಡಗೆ. ಕನ್ನಡಕ ಏರಿಸಿ ನೋಡಿದಳು, ಮೈಕ್ರೋಸ್ಕೋಪಿನಲ್ಲಿ ನೋಡಿದಳು, ಆಮೇಲೆ ಮೂಸಿದಳು.

"ಸಾಸವಿ!" ಅಂದಳು. "ಯಾ ಅಲ್ಲಾ, ಈ ಮೀನು ಒಗ್ಗರಣಿ ಹಾಕ್ಕೊಂಡು ತಿಂದೈತಿ!"

ಬಿದ್ದು ಬಿದ್ದು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದು. ಶೇಖರಮ್ಮನೂ ನಗುತ್ತ ಬಗ್ಗಿ ನೋಡಿದಳು. ನೋಡಿದವಳು ನಗು ನಿಲ್ಲಿಸಿದಳು. ತಟ್ಟೆಯ ಮೇಲಿನ ಸಾಸಿವೆ ನೋಡಿದಳು, ನನ್ನನ್ನು ನೋಡಿದಳು. ಲೋಟ ಎತ್ತಿಕೊಂಡು ಒಳಗೆ ಹೋದಳು. ನನ್ನ ಚಹಾನೂ ತೆಗೆದುಕೊಂಡು ಹೋದಳು.

ಆಗ ನನ್ನ ಮರದ ತಲೆಗೆ ಒಂದೊಂದಾಗಿ ಹೊಳೆಯಿತು. ಸಾಸಿವೆ ನಿನ್ನೆಯದಾದರೆ, ಬಿಳಿ ಮುದ್ದೆ ಮೊನ್ನೆಯದು, ಆಚೆ ಮೊನ್ನೆಯದು, ತಿಂಗಳಿನದು. ಮೆಟ್ಟಿಲ ಬಳಿ ಮೀನು ಯಾಕೆ ಅಷ್ಟು? ಅಲ್ಲಿಗೆ ಅವಳನ್ನು ಕರೆದವರು ಯಾರು? ಎಕ್ಸ್‌ಪೀರಿಯನ್ಸ್!

ಡಿಸೆಂಬರ್ ೧, ಭಾನುವಾರ

ಹೇಳಲಿಲ್ಲ. ಹೇಳಿದರೆ ಹುಸ್ನಾ ಮೇಜು ಎತ್ತಿಕೊಂಡು ಹೋಗುತ್ತಾಳೆ.

ಡಿಸೆಂಬರ್ ೨, ಸೋಮವಾರ

ಮಂಡಾಳು: ಇಲ್ಲ.

ಹೇಳಿದೆ. ಭಟ್ಟಿಗೇ ಹೋಗಿ, ಹುಸೇನಬಾಷಾನ ಎದುರೇ ಹೇಳಿದೆ. "ಯವ್ವಾ, ನಿನ್ನ ಕೈ ಶುದ್ಧ ಐತಿ. ಆ ಗಂಜಿ ನನ್ನದು. ದಿನಾ ಬೆಳಿಗ್ಗೆ ನಿನ್ನ ಮೀನಿಗೆ ಮಂಡಾಳ ಹಾಕಿದಾಂವ ನಾನ."

ಹುಸೇನಬಾಷಾ ಜರಡಿ ಕೆಳಗಿಟ್ಟು ಹಣೆ ಬಡಿದುಕೊಂಡ. "ದಿನಾ ಮೀನಿಗೆ, ಮೀನಿಗೆ ಅಂತ ಹೇಳೇ ಒಯ್ತಿದ್ರಿ! ನಾನ ಅಳದು ಕೊಟ್ಟೀನಿ! ಮನ್ಯಾಗ ಆಕಿ ಗಂಜಿ ಎಲ್ಲಿಂದ ಅಂತ ಅಳಾಕತ್ಯಾಳ, ಬಾಗಲದಾಗ ನಾ ಮಂಡಾಳ ಕೊಡಾಕತ್ತೀನಿ! ನಮ್ಮಿಬ್ಬರ ತಲಿ ಕೊಯ್ದು ನೋಡವ್ವ ಹುಸ್ನಾ, ಅದರಾಗೂ ಗಂಜಿನೇ ಇರ್ತೈತಿ."

ಅವಳು ನಗಲಿಲ್ಲ. "ಎರಡು ತಿಂಗಳ ಮೀನು ಕಾಕಾ" ಅಂದಳು. "ಇನ್ನೂರ ಹತ್ತು ಜೀವ. ಸುಮ್ಮನ ಕೊಂದಂಗಾತು." ಒಳಗೆ ಹೋದಳು.

ಅಕ್ಟೋಬರಿನಲ್ಲಿ ಲಿಂಗಸುಗೂರಿನವರೊಬ್ಬರು ಬಂದು ಅವಳಿಗಾಗಿ ಮೀನು ಹಿಡಿದುಕೊಂಡು ಹೋಗಿದ್ದರಂತೆ, ಅದೂ ಅದೇ ಮೆಟ್ಟಿಲಿನಿಂದ. ಅವನ್ನೂ ಸೇರಿಸಿ ಇನ್ನೂರ ಹತ್ತು. ಅಷ್ಟೂ ಶಿವಕುಮಾರಿಯ ಮೀನು.

ಡಿಸೆಂಬರ್ ೪, ಬುಧವಾರ

ಯಾರೂ ಬರಲಿಲ್ಲ. ಗೋಡೆಯಾಚೆಯಿಂದ ರೊಟ್ಟಿಯೂ ಬರಲಿಲ್ಲ. ತಿರುಗಿ ಕಳಿಸಲಾದರೂ ಒಂದು ಬರಬೇಕಿತ್ತು.

ಡಿಸೆಂಬರ್ ೬, ಶುಕ್ರವಾರ

ನೀರು: ನಾಲ್ಕನೇ ಮೆಟ್ಟಿಲು, ಎರಡು ಬೆರಳು ಕಡಿಮೆ. ಮಂಡಾಳು: ಇಲ್ಲ. ಬಹಳ ಬರೆಯುವುದಿದೆ!

ಮುಂಜಾನೆ ಕಟ್ಟೆಯ ಮೇಲೆ ಕೂತಿದ್ದೆ. ಹುಸ್ನಾ ಓಣಿಯ ತುದಿಯಿಂದಲೇ ಕೂಗುತ್ತ ಬಂದಳು. "ಕಾಕಾ! ದಿನಾ ಎಷ್ಟು ಹಾಕ್ತಿದ್ರಿ? ಅಂದಾಜಿಗೆ ಹೇಳ್ರಿ, ಒಂದು ಹಿಡಿ? ಎರಡು?"

"ಅಂದಾಜು ಯಾಕವ್ವ?" ಅಂದೆ. ಒಳಗೆ ಹೋಗಿ ರಿಜಿಸ್ಟರ್ ತಂದೆ. ಇದನ್ನೂ, ಇದರ ಹಿಂದಿನದನ್ನೂ. ಖಾಸಗಿ ಮಾತಿನ ಮೇಲೆ ಕೈ ಮುಚ್ಚಿ ತಲೆಬರಹದ ಸಾಲು ಮಾತ್ರ ತೋರಿಸಿದೆ. ಒಂದು ವರ್ಷ, ಮಂಡಾಳು ಚೆಲ್ಲಿದ ಒಂದು ದಿನವೂ ತಪ್ಪಿಲ್ಲ. ನೀರು ಇಷ್ಟು, ಮಂಡಾಳು ಇಷ್ಟು.

ಹುಸ್ನಾ ಕಟ್ಟೆಯ ಮೇಲೆ ಕೂತುಬಿಟ್ಟಳು. ಎರಡು ರಾತ್ರಿ ಯೋಚಿಸಿದಳಂತೆ. ಪುಕ್ಕಟೆ ಊಟ ಧಾರಾಳ ಬಿದ್ದಾಗ ಮೂವರೂ ಅದನ್ನೇ ತಿನ್ನುತ್ತಾರೆ. ಅದು ನಿಂತರೆ? ಆಗ ಒಬ್ಬೊಬ್ಬನೂ ತನ್ನ ತನ್ನ ಊಟಕ್ಕೆ ಹೋಗುತ್ತಾನೋ ಇಲ್ಲವೋ? ಅದು ತೋರಿದರೆ ಮೊದಲಿನ ಇನ್ನೂರ ಹತ್ತೂ ವ್ಯರ್ಥವಲ್ಲ, ಅವೇ ಅರ್ಧ ಉತ್ತರ. ಆದರೆ ಯಾವ ದಿನ ಎಷ್ಟು ಊಟ ಬಿತ್ತು ಎಂದು ಯಾರು ಬರೆದಿಟ್ಟಿರುತ್ತಾರೆ, ಅದೇ ಅವಳ ಚಿಂತೆಯಾಗಿತ್ತು. "ಇಂಥಾ ರಿಕಾರ್ಡ್ ಯಾ ಲ್ಯಾಬಿನಾಗೂ ಇರಂಗಿಲ್ಲ ಕಾಕಾ!"

ಮೂವತ್ತೊಂದು ವರ್ಷ ನಾನು ಬರೆದದ್ದನ್ನು ಯಾರೂ ಹೀಗೆ ಓದಿರಲಿಲ್ಲ.

"ಒಂದು ಕಂಡೀಷನ್" ಅಂದಳು. "ಇಪ್ಪತ್ತೊಂದು ದಿನ ಒಂದು ಕಾಳು ಬೀಳಬಾರದು. ಅವರ ಹೊಟ್ಟಿ ಒಂದೇ ದಿನಕ್ಕ ಖಾಲಿ ಆಗ್ತೈತಿ, ರೂಢಿ ಬಿಡಾಕ ಟೈಮ್ ಬೇಕು."

ಶಿವಕುಮಾರಿ ಕೊಟ್ಟು ಹೋದ ಕೆಲಸ ಅದೊಂದೇ. ಅವು ಕಾಯ್ತಿರ್ತಾವ ಅಂದಿದ್ದಳು.

ಒಳಗಿಂದ ಶೇಖರಮ್ಮ ಬಂದಳು. ಗೋಡೆಗೆ ಕಿವಿ ಇಟ್ಟೇ ಇದ್ದಳೇನೋ. "ಇಪ್ಪತ್ತೊಂದು ದಿನ ಬಿಡಾಕ ಅಕ್ಕನ ಅಪ್ಪಣಿ ಬೇಕೇನ್ರಿ ಭಾವನೋರ? ಹಂಗಾರ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಡೀ ನಾಕು ತಿಂಗಳು ನೀವು ಮಂಡಾಳ ತಗೊಂಡು ಕೆರಿ ಕಡೆ ಹೊಳ್ಳಿದ ಕೂಡ್ಲೆ ಅಕ್ಕ ಗ್ವಾಡಿ ಬಡೀತಿದ್ಲು. ನಾ ಹಿತ್ತಲ ಬಾಗಲದಿಂದ ಬರ್ತಿದ್ದೆ. ನನ್ನ ಒಲಿ ಮ್ಯಾಲಿಂದು ಉಣ್ತಿದ್ಲು. ನಿಮ್ಮ ಗಂಜಿ ಆಕಿಗೆ ಸೇರ್ತಿದ್ದಿಲ್ರಿ, ಹೇಳಿದ್ರ ನೀವು ನೊಂದ್ಕೋತೀರಿ ಅಂತ ಹೇಳಿದ್ದಿಲ್ಲ."

"ಏನ್ ಉಣ್ತಿದ್ಲು?"

"ಒಗ್ಗರಣಿ ಮಂಡಾಳ."

"ಪುಟಾಣಿ ಹಿಟ್ಟು?"

"ಮ್ಯಾಲ ಇನ್ನಷ್ಟು ಉದುರ್ಸು ಅಂತಿದ್ಲು."

ನಾನು ನಕ್ಕೆ. ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬಂತು, ಆದರೂ ಅದು ನಗುವೇ. ಅವು ಕಾಯ್ತಿರ್ತಾವ! ಕಾಯುತ್ತಿದ್ದದ್ದು ಯಾರು, ನನ್ನನ್ನು ಹೊರಗೆ ಕಳಿಸುವುದು ಯಾಕೆ, ಈಗ ತಿಳಿಯಿತು. ಎಂಥ ಕಳ್ಳಿಯರು ಇಬ್ಬರೂ.

ಮಧ್ಯಾಹ್ನ ರೊಟ್ಟಿ ಬಂತು. ತಿರುಗಿ ಕಳಿಸಲಿಲ್ಲ. ಬದನೆಕಾಯಿಗೆ ಖಾರ ಸ್ವಲ್ಪ ಜಾಸ್ತಿ.

ಡಿಸೆಂಬರ್ ೧೦, ಮಂಗಳವಾರ

ಮಂಡಾಳು: ಇಲ್ಲ. ಊಟ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ.

ಮೂರನೇ ಮೆಟ್ಟಿಲಿನ ಮೇಲೆ ಬರಿಗೈಲಿ ಕೂರುತ್ತೇನೆ. ಮೀನು ಬಂದು ಬಾಯಿ ತೆರೆದು ನೋಡುತ್ತವೆ. ಮೀಸೆಯವನು ಬಹಳ ಹಟಮಾರಿ. ಬೇರೆ ಯಾರೂ ಏನೂ ಚೆಲ್ಲದಂತೆ ಕಾವಲು ಇರಬೇಕಲ್ಲ, ಆದ್ದರಿಂದ ಎದ್ದು ಹೋಗುವ ಹಾಗೂ ಇಲ್ಲ. "ಸಾರಿ, ಆರ್ಡರ್ ಇಲ್ಲ" ಅನ್ನುತ್ತೇನೆ.

ಡಿಸೆಂಬರ್ ೧೬, ಸೋಮವಾರ

ಮಂಡಾಳು: ಇಲ್ಲ, ಆದರೆ ಅಪರಾಧಕ್ಕೆ ಪ್ರಯತ್ನ ನಡೆಯಿತು.

ಕಾಲು ತಾನೇ ಭಟ್ಟಿಗೆ ಹೋಯಿತು. "ಒಂದು ಬೊಗಸಿ ಕೊಡು" ಅಂದೆ.

ಹುಸೇನಬಾಷಾ ಸೇರನ್ನು ಬೆನ್ನ ಹಿಂದೆ ಬಚ್ಚಿಟ್ಟ. "ನಿಮಗ ಮಂಡಾಳ ಇಲ್ರಿ."

"ನಾನ ತಿನ್ನಾಕ."

"ಹಂಗಾರ ಇಲ್ಲೇ ನನ್ನ ಮುಂದ ತಿನ್ರಿ."

ಕೂತು ತಿಂದೆ. ಬರೀ ಮಂಡಾಳು ಒಣ ಒಣ, ಗಂಟಲಿಗೆ ಹತ್ತುತ್ತದೆ. ಪಾಪದ ಮೀನು. ಅವನು ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹೆಚ್ಚಿಕೊಟ್ಟ. ಇಬ್ಬರೂ ಹಳೇ ಕಾಲುವೆಯ ಕತೆ ಮಾತಾಡುತ್ತ ಕೂತೆವು, ಹನ್ನೊಂದಾದದ್ದು ತಿಳಿಯಲಿಲ್ಲ. ಮನೆಗೆ ಬಂದಾಗ ಎಲ್ಲಿ ಹೋಗಿದ್ರಿ, ರೊಟ್ಟಿ ಆರಿತು ಎಂದು ಶೇಖರಮ್ಮ ಬೈದಳು.

ಡಿಸೆಂಬರ್ ೨೦, ಶುಕ್ರವಾರ

ಮಂಡಾಳು: ಇಲ್ಲ. ಊಟ: ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ್ದು.

ಇಂದು ಚಪ್ಪಲಿ ಸಪ್ಪಳಕ್ಕೆ ಯಾರೂ ಬರಲಿಲ್ಲ. ನೀರು ತಿಳಿಯಾಗಿ ನಿಂತಿತ್ತು. ಮೊದಲು ಬೇಜಾರಾಯಿತು, ಆಮೇಲೆ ಬಗ್ಗಿ ನೋಡಿದೆ. ಕಲ್ಲಿನ ಪಾಚಿಯ ಬಳಿ ಒಬ್ಬ. ಆಪಿನ ಬೇರಿನ ನಡುವೆ ಪುಟ್ಟವ, ಚಂಗನೆ ಏನನ್ನೋ ಹಿಡಿದ. ಕೆಳಗೆ ರಾಡಿ ಎಬ್ಬಿಸುತ್ತ ಮೀಸೆ. ಒಂದು ವರ್ಷದಲ್ಲಿ ನಾನು ಇವುಗಳ ಬಾಯಿ ಮಾತ್ರ ನೋಡಿದ್ದೆ.

ಡಿಸೆಂಬರ್ ೨೮, ಶನಿವಾರ

ನೀರು: ಐದನೇ ಮೆಟ್ಟಿಲು. ಮಂಡಾಳು: ಇಲ್ಲ.

ನಿನ್ನೆ ಬಲೆ ಬಿತ್ತು. ಇಂದು ಕಟ್ಟೆಯ ಮೇಲೆ ಜಾತ್ರೆ. ಹುಸೇನಬಾಷಾ ಭಟ್ಟಿ ಬಿಟ್ಟು ಬಂದಿದ್ದ. ಶೇಖರಮ್ಮ ಹೊಸ್ತಿಲಿನ ಒಳಗೆ ನಿಂತಳು, ನಿಯಮ ಅವಳದೇ.

ಒಂದು ಚುಕ್ಕೆಯವ: ಹಸಿರು. ನೂಲಿನಂಥ ಪಾಚಿಯ ಎಳೆಗಳು. ಅಯೋಡಿನ್ ಹಾಕಿದರೂ ಗಂಜಿಯ ನೀಲಿ ಇಲ್ಲ.

ಎರಡು ಚುಕ್ಕೆಯವ: ಕಾಲುಗಳು! ನೀರಹುಳುವಿನ ಸಣ್ಣ ಸಣ್ಣ ಕಾಲುಗಳು, ಒಂದು ರೆಕ್ಕೆಯ ಚೂರು.

ಮೀಸೆಯವ: ಕೆಸರು, ಬೇರಿನ ತುಣುಕು, ಬಸವನಹುಳುವಿನ ಚಿಪ್ಪಿನ ಪುಡಿ.

ಮೈಕ್ರೋಸ್ಕೋಪಿನಲ್ಲಿ ಎಲ್ಲರೂ ಸರದಿಯಲ್ಲಿ ನೋಡಿದೆವು. ಹತ್ತನೇ ಮೀನಿಗೆ ಹುಸ್ನಾ ಮೇಜಿಗೆ ಇನ್ನಷ್ಟು ಬಗ್ಗಿದಳು, ಇಪ್ಪತ್ತನೆಯದಕ್ಕೆ ಎದ್ದು ನಿಂತಳು, ಮೂವತ್ತಕ್ಕೆ "ಮಾಮೂ!" ಎಂದು ಕಿರುಚಿ ಅವನ ಹೆಗಲು ಹಿಡಿದು ಕುಣಿಸಿದಳು. ಫೋನಿನಲ್ಲಿ ಮೇಡಂ ಎರಡು ಸಲ ಕೇಳಿದರು, ದಿನದಿನದ ರಿಕಾರ್ಡ್ ನಿಜವಾಗಿ ಇದೆಯೇ ಎಂದು. "ಗೇಜ್ ರೀಡರ್ ಬರ್ದಿದ್ದು ಮೇಡಂ" ಅಂದಳು ಹುಸ್ನಾ. ಈ ಸಲ ಆಚೆಯ ದನಿ ಜೋರಿರಲಿಲ್ಲ, ನನಗೆ ಕೇಳಲಿಲ್ಲ. ಅವಳ ಮುಖ ನೋಡಿಯೇ ತಿಳಿದುಕೊಂಡೆ. ಕೆರೆ ಬಿಡಬೇಕಿಲ್ಲ.

"ಮೂರೂ ಮಂದಿ ಬ್ಯಾರೆ ಬ್ಯಾರೆ ಉಣ್ತಾರಂದ್ರ ನಿನಗ ಇಷ್ಟು ಖುಷಿ ಏನವ್ವ" ಅಂದಳು ಶೇಖರಮ್ಮ. "ನಮ್ಮ ಮನ್ಯಾಗ ಅದ ಜಗಳ."

ಹೆನ್ಸ್ ಪ್ರೂವ್ಡ್ ಎಂದು ರಿಜಿಸ್ಟರಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಜನವರಿ ೧, ಬುಧವಾರ

ಹುಸ್ನಾ ಮೇಜು ಕಟ್ಟಿದಳು. ಮಾರ್ಚಿನಲ್ಲಿ ನೀರು ಇಳಿದಾಗ ಮತ್ತೆ ಬರುತ್ತಾಳೆ, ಅಲ್ಲಿಯವರೆಗೆ ಮೆಟ್ಟಿಲು ಎಣಿಸುವ ಕೆಲಸ ನನಗೆ ವಹಿಸಿದ್ದಾಳೆ. "ಇನ್ನ ನೀವು ಹಾಕಬಹುದು ಕಾಕಾ" ಅಂದಳು. "ಕೆಲಸ ಮುಗೀತು. ಕಾಕಿದು ಒಂದು ಹಿಡಿ ಇತ್ತಲ್ಲ, ಅಷ್ಟು ಹಾಕ್ರಿ. ಬರದಿಡ್ರಿ ಮತ್ತ."

ಹುಸೇನಬಾಷಾ ಪೂರ್ತಿ ಸೇರು ಅಳೆದು ಚೀಲ ಕೊಟ್ಟ. ತಗೊಂಡು ಕೆರೆಗೆ ಹೋದೆ. ಮೂರನೇ ಮೆಟ್ಟಿಲು ಈಗ ಒಣಗಿದೆ, ಅದರ ಮೇಲೆ ಕೂತೆ. ಚೀಲದಲ್ಲಿ ಕೈ ಹಾಕಿದೆ. ಕೆಳಗೆ ಮೂವರೂ ಅವರವರ ಜಾಗದಲ್ಲಿ ಅವರವರ ಊಟದಲ್ಲಿದ್ದರು, ಒಬ್ಬನೂ ತಲೆ ಎತ್ತಲಿಲ್ಲ. ಎಬ್ಬಿಸುವ ಮನಸ್ಸಾಗಲಿಲ್ಲ. ಕೈ ತೆಗೆದು ಚೀಲ ಕಟ್ಟಿದೆ.

ಮನೆಗೆ ಬಂದು ಶೇಖರಮ್ಮನ ಬಾಗಿಲಲ್ಲಿ ನಿಂತೆ. ಹತ್ತೊಂಬತ್ತು ವರ್ಷದಲ್ಲಿ ಆ ಅಡುಗೆಮನೆಯ ಬಾಗಿಲಿಗೆ ಹೋದವನಲ್ಲ.

"ಒಗ್ಗರಣಿ ಹಾಕ್ತಿಯೇನವ್ವ?"

ಅವಳು ಚೀಲ ನೋಡಿದಳು, ಸೊಂಟಕ್ಕೆ ಕೈ ಇಟ್ಟಳು. "ಯಾರಿಗ್ರಿ? ಮೊದಲ ಹೇಳ್ರಿ. ಮೀನಿಗಾದ್ರ ಸಾಸವಿ ಹಾಕಂಗಿಲ್ಲ."

"ನಮಗ."

ನೀರು: ಐದನೇ ಮೆಟ್ಟಿಲು. ಮಂಡಾಳು: ಒಂದು ಸೇರು. ಉಂಡವರು: ಶೇಖರಮ್ಮ, ಹುಸ್ನಾ, ಹುಸೇನಬಾಷಾ, ನಾನು. ಪುಟಾಣಿ ಹಿಟ್ಟು: ಎರಡು ಸಲ ಉದುರಿಸಿಕೊಂಡೆ. ಉಳಿದದ್ದು: ಸಾಸಿವೆ ಎರಡು ಕಾಳು, ನನ್ನ ತಟ್ಟೆಯ ಅಂಚಿನಲ್ಲಿ.